ಸಂಶಯದ ಲಾಭ ಹಕ್ಕಿಗೆ

ನೆದರ್‌ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್ ಈ ಮೂರು ದೇಶಗಳ ಕರಾವಳಿಯುದ್ದಕ್ಕೂ ವಾಡೆನ್ ಎಂಬ ಆಳವಿಲ್ಲದ ಕಡಲು ಹಬ್ಬಿದೆ. ಇಳಿತದ ಹೊತ್ತಿಗೆ ನೀರು ಸರಿದು, ಕಣ್ಣು ಹಾಯುವಷ್ಟು ದೂರ ಕೆಸರು ಬಯಲು ಎದ್ದು ಕಾಣುತ್ತದೆ. ಉಬ್ಬರ ಬಂದರೆ ಮತ್ತೆ ಎಲ್ಲವೂ ಮುಳುಗುತ್ತದೆ. ಆ ಕೆಸರಿನ ಮೇಲ್ಪದರದಲ್ಲಿ ಹುದುಗಿ ಬದುಕುವ ಚಿಪ್ಪುಜೀವಿಯ ಹೆಸರು ಕಾಕಲ್. ಅಘನಾಶಿನಿ ನದಿಯ ದಡದವರಿಗೆ ಒಂದನ್ನು ತೋರಿಸಿದರೆ, ಇದು ನಮ್ಮ ಬಳಚಿನ ನೆಂಟ ಎಂದು ಥಟ್ಟನೆ ಹೇಳಿಯಾರು. ವರ್ಷಕ್ಕೆ ಒಂದು ಕೋಟಿಯಷ್ಟು ವಲಸೆ ಹಕ್ಕಿಗಳು ವಾಡೆನ್ ಕಡಲಿನಲ್ಲಿ ಇಳಿದು ಹೋಗುತ್ತವೆ. ಅವುಗಳಲ್ಲಿ ಕಪ್ಪು ಬಿಳುಪು ಮೈಯ, ಕಿತ್ತಳೆ ಬಣ್ಣದ ಉದ್ದ ಕೊಕ್ಕಿನ ಆಯ್‌ಸ್ಟರ್‌ಕ್ಯಾಚರ್‌ಗೂ ಐಡರ್ ಬಾತುವಿಗೂ ಚಳಿಗಾಲದ ಮುಖ್ಯ ಆಹಾರವೇ ಕಾಕಲ್ ಮತ್ತು ಅದರಂಥ ಚಿಪ್ಪುಜೀವಿಗಳು.

ಮನುಷ್ಯರಿಗೂ ಅದೇ ಕಾಕಲ್ ಬೇಕು. ಡಚ್ ದೋಣಿಗಳು ಕೆಸರಿಗೆ ನೀರು ಚಿಮ್ಮಿಸಿ, ಸಡಿಲವಾದ ಮೇಲ್ಪದರವನ್ನು ಯಂತ್ರದಿಂದ ಹೀರಿ ತೆಗೆಯುತ್ತಿದ್ದವು. ಸರ್ಕಾರ ವರ್ಷವರ್ಷವೂ ಪರವಾನಗಿ ಕೊಡುತ್ತಿತ್ತು. 1999 ಮತ್ತು 2000ದ ಪರವಾನಗಿಗಳನ್ನು ಎರಡು ಸಂಘಟನೆಗಳು ಪ್ರಶ್ನಿಸಿದವು. ಒಂದು ವಾಡೆನ್ ಕಡಲನ್ನು ಕಾಯುವವರದು, ಇನ್ನೊಂದು ಹಕ್ಕಿಗಳನ್ನು ಕಾಯುವವರದು. ಮೊಕದ್ದಮೆ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2004ರ ಸೆಪ್ಟೆಂಬರ್ 7ರಂದು ಬಂದ ತೀರ್ಪು ಒಂದು ಕಸುಬನ್ನೇ ಬದಲಿಸಿತು. ನಾನು ಇಲ್ಲಿ ಪರಿಚಯಿಸಲು ಹೊರಟಿರುವುದು ಆ ಕಸುಬನ್ನು: ರಸ್ತೆ, ಬಂದರು, ಬಡಾವಣೆ, ಗಣಿ, ಮೀನುಗಾರಿಕೆ, ಯಾವುದೇ ಯೋಜನೆ ಬಂದಾಗ ಅದರಿಂದ ಹತ್ತಿರದ ಸಂರಕ್ಷಿತ ತಾಣಕ್ಕೆ ಹಾನಿಯಾಗುತ್ತದೆಯೇ ಎಂದು ಮೊದಲೇ ಅಳೆದು ಹೇಳುವ ಕೆಲಸ.

ಯುರೋಪಿನವರು ಇದಕ್ಕೆ ‘ಅಪ್ರೋಪ್ರಿಯೇಟ್ ಅಸೆಸ್‌ಮೆಂಟ್’ ಎನ್ನುತ್ತಾರೆ. ಹಾನಿ ಪರೀಕ್ಷೆ ಎಂದು ಕರೆದರೆ ನಮಗೆ ಸಾಕು. ಇದರ ಬೇರು 1992ರ ಆವಾಸಗಳ ಕಾಯ್ದೆಯಲ್ಲಿದೆ. ಆ ಕಾಯ್ದೆ ಮತ್ತು ಅದಕ್ಕೂ ಮೊದಲಿನ 1979ರ ಹಕ್ಕಿಗಳ ಕಾಯ್ದೆ ಸೇರಿ ನ್ಯಾಚುರಾ 2000 ಎಂಬ ತಾಣಗಳ ಜಾಲವನ್ನು ಕಟ್ಟಿದವು. ಇಂದು ಅದರಲ್ಲಿ ಸುಮಾರು 27,000 ತಾಣಗಳಿವೆ. ಯುರೋಪಿಯನ್ ಒಕ್ಕೂಟದ ನೆಲದ ಸುಮಾರು ಶೇ. 18ರಷ್ಟು ಭಾಗ. ಇಷ್ಟೊಂದು ನೆಲಕ್ಕೆ ಬೇಲಿ ಹಾಕಿ ಜನರನ್ನು ಹೊರಗಿಡುವುದು ಸಾಧ್ಯವೂ ಇಲ್ಲ, ಯಾರಿಗೂ ಬೇಕೂ ಇಲ್ಲ. ಅಲ್ಲಿ ಊರುಗಳಿವೆ, ಹೊಲಗಳಿವೆ, ದೋಣಿಗಳಿವೆ. ಹಾಗಾಗಿ ಬೇಲಿಯ ಬದಲು ಒಂದು ಪ್ರಶ್ನೆಯನ್ನು ನಿಲ್ಲಿಸಿದರು. ಯಾವ ಹೊಸ ಕೆಲಸವೂ ಆ ಪ್ರಶ್ನೆಯನ್ನು ದಾಟಿಯೇ ಒಳಗೆ ಹೋಗಬೇಕು.

ನಾವು ನೋಡಿರುವ ಪರಿಸರ ವರದಿಗಳಿಗಿಂತ ಈ ಪರೀಕ್ಷೆ ಬೇರೆಯಾಗುವುದು ಅದರ ಕಿರಿದಾದ ಗುರಿಯಿಂದ. ಗಾಳಿ, ನೀರು, ಸದ್ದು, ಉದ್ಯೋಗ, ಪುನರ್ವಸತಿ ಎಲ್ಲವನ್ನೂ ಒಂದೇ ಸಂಪುಟದಲ್ಲಿ ತೂಗುವ ಕೆಲಸ ಇದಲ್ಲ. ಪ್ರತಿ ತಾಣಕ್ಕೂ ಅದನ್ನು ಯಾತಕ್ಕಾಗಿ ಕಾಯುತ್ತಿದ್ದೇವೆ ಎಂಬುದರ ಒಂದು ಬರಹ ಇರುತ್ತದೆ. ಇಂಥ ಜಾತಿಯ ಹಕ್ಕಿ ಇಷ್ಟು ಜೋಡಿ, ಇಂಥ ಜವುಗು ಇಷ್ಟು ಹೆಕ್ಟೇರ್, ಇಂಥ ಹೊಳೆಯಲ್ಲಿ ನೀರು ಇಷ್ಟು ತಿಳಿ. ಪರೀಕ್ಷಕರು ಯೋಜನೆಯನ್ನು ಆ ಬರಹದ ಪಕ್ಕದಲ್ಲಿಟ್ಟು ನೋಡುತ್ತಾರೆ. ‘ಪರಿಸರಕ್ಕೆ ಹಾನಿಯೇ’ ಎಂದು ಕೇಳಿದರೆ ಯಾರು ಏನು ಬೇಕಾದರೂ ಹೇಳಬಹುದು. ‘ಈ ಬಯಲಿನಲ್ಲಿ ಚಳಿಗಾಲ ಕಳೆಯುವ ಆಯ್‌ಸ್ಟರ್‌ಕ್ಯಾಚರ್‌ಗಳ ಸಂಖ್ಯೆ ಇದರಿಂದ ಇಳಿಯುತ್ತದೆಯೇ’ ಎಂದು ಕೇಳಿದರೆ ಮಾತ್ರ ಉತ್ತರಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ಕೆಲಸ ಶುರುವಾಗುವುದು ಜರಡಿ ಹಿಡಿಯುವುದರಿಂದ. ಯೋಜನೆಗೂ ತಾಣಕ್ಕೂ ಸಂಬಂಧವೇ ಇಲ್ಲ ಎಂದು ಖಚಿತವಾದರೆ ಅಲ್ಲಿಗೆ ಮುಗಿಯಿತು. ಆದರೆ ಸಂಬಂಧ ಎಂದರೆ ನಕ್ಷೆಯ ಮೇಲಿನ ದೂರ ಅಲ್ಲ. ಪರೀಕ್ಷಕರು ಮೂರು ಕೊಂಡಿಗಳನ್ನು ಹುಡುಕುತ್ತಾರೆ: ತೊಂದರೆಯ ಮೂಲ ಯಾವುದು, ಅದು ಸಾಗುವ ದಾರಿ ಯಾವುದು, ಕೊನೆಗೆ ತಲುಪುವುದು ಯಾವ ಜೀವವನ್ನು. ಐರ್ಲೆಂಡಿನ ನೋರ್ ನದಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲೊಂದು ಸಿಹಿನೀರಿನ ಮುತ್ತಿನ ಚಿಪ್ಪು ಇದೆ. ಅದರ ಮರಿಗಳು ಮೊದಲು ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುತ್ತವೆ. ಆಮೇಲೆ ಕಳಚಿ ಬಿದ್ದು ನದೀತಳದ ಗರಸಿನ ಸಂದಿಯಲ್ಲಿ ವರ್ಷಗಟ್ಟಲೆ ಹುದುಗಿರುತ್ತವೆ. ಗರಸಿನ ಸಂದಿಗೆ ಹೂಳು ತುಂಬಿದರೆ ಉಸಿರು ಕಟ್ಟಿ ಸಾಯುತ್ತವೆ. ದೊಡ್ಡ ಚಿಪ್ಪುಗಳು ದಶಕಗಟ್ಟಲೆ ಬದುಕುವುದರಿಂದ, ಹೊಸ ತಲೆಮಾರು ಇಲ್ಲವಾದದ್ದು ಮೇಲುನೋಟಕ್ಕೆ ತಿಳಿಯುವುದೂ ಇಲ್ಲ. ಅಂಥ ಕಡೆ ಗಾಳಿಯಂತ್ರಗಳ ವಿದ್ಯುತ್ತನ್ನು ಸಾಗಿಸಲು ನೆಲದಡಿ ಕೇಬಲ್ ಹಾಕುವ ಯೋಜನೆ ಬಂತು. ಗಾಳಿ ವಿದ್ಯುತ್ತು ಒಳ್ಳೆಯದೇ. ಆದರೆ ಅಗೆದ ಮಣ್ಣು ಮೂಲ, ಮಳೆನೀರು ಹರಿವ ತೋಡು ದಾರಿ, ಗರಸಿನಲ್ಲಿರುವ ಮರಿಚಿಪ್ಪು ತಲುಪುವ ಜೀವ.

ಯೋಜನೆಯವರು ಹೂಳು ತಡೆಯುವ ವ್ಯವಸ್ಥೆ ಮಾಡುತ್ತೇವೆ ಎಂದರು. ಆ ಭರವಸೆಯನ್ನು ನಂಬಿ, ಜರಡಿಯ ಹಂತದಲ್ಲೇ ಹಾನಿಯಿಲ್ಲ ಎಂದು ಬಿಟ್ಟುಬಿಟ್ಟಿದ್ದರು. 2018ರ ಏಪ್ರಿಲ್‌ನಲ್ಲಿ ಯುರೋಪಿನ ನ್ಯಾಯಾಲಯ ಅದು ಸರಿಯಲ್ಲ ಎಂದಿತು. ತಡೆಯುವ ವ್ಯವಸ್ಥೆ ಬೇಕಾಗಿದೆ ಎಂದರೇನೇ ಹಾನಿಯ ಸಾಧ್ಯತೆ ಇದೆ ಎಂದಾಯಿತಲ್ಲ? ಹಾಗಿದ್ದರೆ ಪೂರ್ತಿ ಪರೀಕ್ಷೆ ಮಾಡಿ, ಆ ವ್ಯವಸ್ಥೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಅಲ್ಲಿ ನೋಡಿ. ತೀರ ಸಾದಾ ತರ್ಕ. ಆದರೂ ಇದನ್ನು ಹೇಳಿಸಿಕೊಳ್ಳಲು ಕಾಯ್ದೆ ಬಂದ ಮೇಲೆ ಇಪ್ಪತ್ತಾರು ವರ್ಷ ಬೇಕಾಯಿತು.

ಈಗ ವಾಡೆನ್ ಕಡಲಿಗೆ ಮರಳೋಣ. ಈ ಕಸುಬಿನ ಸೊಗಸು ಪೂರ್ತಿಯಾಗಿ ಕಾಣುವುದು ಅಲ್ಲಿಯೇ.

ಡಚ್ ಸರ್ಕಾರ ಹಕ್ಕಿಗಳನ್ನು ಮರೆತಿರಲಿಲ್ಲ. 1990ರ ದಶಕದಿಂದಲೇ ಅಲ್ಲೊಂದು ಲೆಕ್ಕವಿತ್ತು. ಒಂದು ಹಕ್ಕಿಗೆ ಚಳಿಗಾಲದಲ್ಲಿ ಎಷ್ಟು ಆಹಾರ ಬೇಕು, ಇರುವ ಹಕ್ಕಿಗಳೆಷ್ಟು ಎಂದು ಗುಣಿಸಿ ಒಟ್ಟು ಅಗತ್ಯವನ್ನು ತೆಗೆಯುತ್ತಿದ್ದರು. ಕಾಕಲ್ ಕಡಿಮೆಯಿರುವ ವರ್ಷಗಳಲ್ಲಿ ಆ ಅಗತ್ಯದ ಶೇ. 60ರಷ್ಟನ್ನು, ಆಮೇಲೆ ಶೇ. 70ರಷ್ಟನ್ನು ಹಕ್ಕಿಗಳಿಗೆಂದು ಬಿಟ್ಟು ಉಳಿದುದನ್ನು ದೋಣಿಗಳಿಗೆ ಕೊಡುತ್ತಿದ್ದರು. ಮಿಕ್ಕ ಪಾಲನ್ನು ಹಕ್ಕಿಗಳು ಬೇರೆ ಆಹಾರದಿಂದ ತುಂಬಿಕೊಳ್ಳುತ್ತವೆ ಎಂಬ ಎಣಿಕೆ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೂ ಹಕ್ಕಿಗಳು ಸಾಯುತ್ತಿದ್ದವು. 1999-2000ದ ಚಳಿಗಾಲದಲ್ಲಿ ಐಡರ್ ಬಾತುಗಳು ಆಹಾರವಿಲ್ಲದೆ ಸಾವಿರಗಟ್ಟಲೆ ಸತ್ತವು.

ಲೆಕ್ಕ ತಪ್ಪಿದ್ದು ಎಲ್ಲಿ ಎಂಬುದಕ್ಕೆ ಉತ್ತರ ಇಂಗ್ಲೆಂಡಿನ ಎಕ್ಸ್ ನದೀಮುಖದಿಂದ ಬಂತು. ಅಲ್ಲಿ ಜಾನ್ ಗಾಸ್-ಕಸ್ಟರ್ಡ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಆಯ್‌ಸ್ಟರ್‌ಕ್ಯಾಚರ್‌ಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಒಂದೊಂದು ಹಕ್ಕಿಯನ್ನೂ ಗುರುತಿಟ್ಟು ದಶಕಗಳ ಕಾಲ ನೋಡಿದರು. ಅವರಿಗೆ ಕಂಡದ್ದು ಗುಂಪಲ್ಲ, ಒಂದಕ್ಕೊಂದು ಹೋಲದ ಹಕ್ಕಿಗಳು. ಕೆಲವು ಚಿಪ್ಪನ್ನು ಕೊಕ್ಕಿನಿಂದ ಕುಟ್ಟಿ ಒಡೆಯುತ್ತವೆ. ಕೆಲವು ಬಾಯಿಬಿಟ್ಟ ಚಿಪ್ಪಿನೊಳಗೆ ಕೊಕ್ಕು ತೂರಿಸಿ ಸ್ನಾಯುವನ್ನು ಕತ್ತರಿಸುತ್ತವೆ. ಜೋರಿನ ಹಕ್ಕಿ ಸಾಧುವಿನ ಬಾಯಿಂದ ತುತ್ತು ಕಸಿಯುತ್ತದೆ. ಒಳ್ಳೆಯ ದಿಬ್ಬಗಳನ್ನು ಬಲಿತವು ಹಿಡಿದುಕೊಂಡರೆ ಎಳೆಯವು ಬಡ ದಿಬ್ಬಗಳಿಗೆ ಹೋಗಬೇಕು. ತಿನ್ನಲು ಸಿಗುವ ಹೊತ್ತಿಗೂ ಮಿತಿಯಿದೆ. ನೀರು ಏರಿದರೆ ಮುಗಿಯಿತು. ಮೇಲಾಗಿ ಚಳಿಗಾಲ ಕಳೆದಂತೆ ಚಿಪ್ಪಿನೊಳಗಿನ ಮಾಂಸವೇ ಸೊರಗುತ್ತದೆ. ಡಿಸೆಂಬರಿನ ಒಂದು ಚಿಪ್ಪಿಗೂ ಫೆಬ್ರುವರಿಯ ಒಂದು ಚಿಪ್ಪಿಗೂ ತೂಕ ಒಂದೇ ಅಲ್ಲ.

ಇಷ್ಟನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ, ಪ್ರತಿ ಹಕ್ಕಿಯೂ ತನ್ನ ಅಂತಸ್ತು, ತನ್ನ ಚಳಕ, ತನ್ನ ಹಸಿವಿಗೆ ತಕ್ಕಂತೆ ನಿರ್ಧರಿಸುವಂಥ ಒಂದು ಮಾದರಿಯನ್ನು ಅವರು ಕಟ್ಟಿದರು. 2004ರಲ್ಲಿ ಪ್ರಕಟವಾದ ಅವರ ಫಲಿತಾಂಶ ಇದು: ಹಕ್ಕಿಗಳು ಸಾಯದೆ ಚಳಿಗಾಲ ದಾಟಬೇಕಾದರೆ, ಅವು ನಿಜವಾಗಿ ತಿನ್ನುವುದರ ಎರಡೂವರೆಯಿಂದ ಎಂಟು ಪಟ್ಟು ಆಹಾರ ಆ ಬಯಲಿನಲ್ಲಿ ಇರಬೇಕು. ಊರಿನ ಗೋದಾಮಿನಲ್ಲಿ ಅಕ್ಕಿ ಇದ್ದ ಮಾತ್ರಕ್ಕೆ ಊರಲ್ಲಿ ಯಾರೂ ಹಸಿದಿಲ್ಲ ಎನ್ನಲಾಗದು. ಹಾಗೆಯೇ ಬಯಲಿನಲ್ಲಿ ಚಿಪ್ಪು ಉಳಿದಿರುವಾಗಲೇ ದುರ್ಬಲ ಹಕ್ಕಿಗಳು ಉಪವಾಸ ಬೀಳುತ್ತವೆ. ಶೇ. 60 ಎಲ್ಲಿ, ಶೇ. 250 ಎಲ್ಲಿ! ಗುಣಾಕಾರದಲ್ಲಿ ಯಾರೂ ತಪ್ಪಿರಲಿಲ್ಲ. ಹಕ್ಕಿಗಳೆಲ್ಲ ಒಂದೇ ಎಂದು ಹಿಡಿದದ್ದೇ ತಪ್ಪಾಗಿತ್ತು. ಹಾನಿ ಪರೀಕ್ಷೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ಒಂದು ಸಂಖ್ಯೆಯನ್ನು ನಂಬಬಹುದಾದ ಸಂಖ್ಯೆಯಾಗಿ ಮಾಡಲು ಚಳಿಯಲ್ಲಿ ಎಷ್ಟು ವರ್ಷ ನಿಲ್ಲಬೇಕು ಎಂಬುದು ಇದರಲ್ಲಿದೆ.

ಅದೇ ವರ್ಷ ನ್ಯಾಯಾಲಯದ ತೀರ್ಪೂ ಬಂತು. ವರ್ಷವರ್ಷ ಕೊಡುವ ಪರವಾನಗಿಯೂ ಒಂದು ಯೋಜನೆಯೇ, ಹಿಂದಿನಿಂದ ನಡೆದುಬಂದಿದೆ ಎಂಬುದು ಪರೀಕ್ಷೆ ತಪ್ಪಿಸಲು ಕಾರಣವಾಗದು ಎಂದು ನ್ಯಾಯಾಧೀಶರು ಹೇಳಿದರು. ಆಮೇಲಿನ ಮಾತು ಇನ್ನೂ ದೊಡ್ಡದು. ತಾಣಕ್ಕೆ ಹಾನಿಯಿಲ್ಲ ಎಂಬುದರಲ್ಲಿ ವಿಜ್ಞಾನದ ದೃಷ್ಟಿಯಿಂದ ಯಾವ ಸಮಂಜಸ ಸಂಶಯವೂ ಉಳಿಯದಿದ್ದಾಗ ಮಾತ್ರ ಅನುಮತಿ ಕೊಡಬಹುದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯದ ಲಾಭ ಆರೋಪಿಗೆ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲಿ ಸಂಶಯದ ಲಾಭ ಹಕ್ಕಿಗೆ. ಅದಕ್ಕೂ ಮುಂಚೆ ಹಕ್ಕಿಯ ಪರ ನಿಂತವರು ಹಾನಿಯಾಗುತ್ತದೆ ಎಂದು ಸಾಧಿಸಬೇಕಾಗಿತ್ತು. ಈಗ ಯೋಜನೆಯವರು ಹಾನಿಯಾಗದು ಎಂದು ಸಾಧಿಸಬೇಕು. 2005ರಿಂದ ಡಚ್ ವಾಡೆನ್ ಕಡಲಿನಲ್ಲಿ ಯಂತ್ರದಿಂದ ಕಾಕಲ್ ತೆಗೆಯುವುದು ನಿಂತಿತು. ಗೋರುಬಲೆ ಹಿಡಿದು ಕೈಯಿಂದ ತೆಗೆಯುವ ಸಣ್ಣ ಪ್ರಮಾಣದ ಕೆಲಸ ಮಾತ್ರ ಪರವಾನಗಿಯೊಡನೆ ಉಳಿಯಿತು.

ವರದಿ ಬರೆಯುವವರ ಭಾಷೆಯೂ ಆಗಿನಿಂದ ಬಿಗಿಯಾಯಿತು. ‘ಹಾನಿ ಸಂಭವಿಸುವ ಸಾಧ್ಯತೆ ಕಡಿಮೆ’ ಎಂಬ ಸಾಲಿಗೆ ಈಗ ಬೆಲೆಯಿಲ್ಲ. ಎಷ್ಟು ಕಡಿಮೆ, ಯಾವ ಅಳತೆಯಿಂದ, ಯಾವ ಋತುವಿನಲ್ಲಿ ನೋಡಿದ್ದು ಎಂದು ಬರೆಯಬೇಕು. ‘ಬರೀ ಸ್ವಲ್ಪ’ ಎಂಬ ಮಾತಿಗೂ ಅದೇ ಗತಿ. ಐರ್ಲೆಂಡಿನ ಗಾಲ್ವೇ ಪಟ್ಟಣಕ್ಕೆ ಒಂದು ಬೈಪಾಸ್ ರಸ್ತೆ ಬೇಕಾಗಿತ್ತು. ಲಾಫ್ ಕಾರಿಬ್ ತಾಣದಲ್ಲಿ ಹಿಮನದಿಗಳು ಸವೆಸಿ ಬಿಟ್ಟ ಸುಣ್ಣಕಲ್ಲಿನ ಹಾಸು ಇದೆ, ಸುಮಾರು 270 ಹೆಕ್ಟೇರ್. ರಸ್ತೆಗೆ ಹೋಗುವುದು ಅದರಲ್ಲಿ ಬರೀ 1.47 ಹೆಕ್ಟೇರ್. ಯೋಜನಾ ಮಂಡಳಿ ಇದರಿಂದ ತಾಣದ ಒಟ್ಟಂದಕ್ಕೆ ಧಕ್ಕೆಯಿಲ್ಲ ಎಂದಿತು. 2013ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ. ಯಾವುದನ್ನು ಕಾಯಲೆಂದೇ ಆ ತಾಣವನ್ನು ಗುರುತಿಸಿದ್ದೋ, ಮತ್ತೆ ಎಂದೂ ಬೆಳೆಯದ ಅದೇ ಆವಾಸವನ್ನು ಶಾಶ್ವತವಾಗಿ ಕಳೆದುಕೊಳ್ಳುವುದು ಧಕ್ಕೆಯೇ. ಕಾಡು ಕಡಿದು ಗಿಡ ನೆಟ್ಟೇವು ಎನ್ನಬಹುದೇನೋ, ಅದೂ ನಾನು ಒಪ್ಪುವ ಮಾತಲ್ಲ. ಸುಣ್ಣಕಲ್ಲಿನ ಹಾಸನ್ನಂತೂ ಯಾರೂ ನೆಡಲಾರರು.

ಒಂದೊಂದಾಗಿ ನೋಡಿದರೆ ನಿರಪಾಯಕರ, ಕೂಡಿದರೆ ಅಪಾಯ ಎಂಬಂಥ ಯೋಜನೆಗಳೂ ಇವೆ. ಇವುಗಳನ್ನು ಹಿಡಿಯುವುದು ಕಸುಬಿನ ಕಷ್ಟದ ಭಾಗ. ಲಂಡನ್ನಿನ ಪಶ್ಚಿಮಕ್ಕೂ ನೈಋತ್ಯಕ್ಕೂ ಥೇಮ್ಸ್ ಬೇಸಿನ್ ಹೀತ್ಸ್ ಎಂಬ ಕುರುಚಲು ಬಯಲುಗಳಿವೆ, ಸುಮಾರು 8,200 ಹೆಕ್ಟೇರ್. ಬ್ರಿಟನ್ ಒಕ್ಕೂಟದಿಂದ ಹೊರಬಂದ ಮೇಲೂ ಈ ಪರೀಕ್ಷೆಯನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿದೆ. ಆ ಬಯಲುಗಳಲ್ಲಿ ನೈಟ್‌ಜಾರ್, ಎಂದರೆ ನಮ್ಮ ನತ್ತಿಂಗನ ಬಳಗದ ಹಕ್ಕಿ, ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ನಾಯಿಯೊಡನೆ ವಾಕಿಂಗ್ ಬಂದವರಿಗೆ ಬೆದರಿ ಅದು ಎದ್ದುಹೋದ ಸ್ವಲ್ಪ ಹೊತ್ತಿನಲ್ಲೇ ಕಾಗೆಗಳು ಮೊಟ್ಟೆಯನ್ನು ಮುಗಿಸಬಹುದು. ಬಯಲಿನಿಂದ ನಾಲ್ಕು ಕಿಲೋಮೀಟರ್ ದೂರ ಯಾರೋ ಒಬ್ಬರು ಒಂದು ಮನೆ ಕಟ್ಟಿದರೆ ಯಾವ ಹಕ್ಕಿಗೆ ಏನಾದೀತು? ಏನೂ ಆಗದು. ಆದರೆ ಸುತ್ತಲಿನ ಎಲ್ಲ ಊರುಗಳಲ್ಲೂ ಸಾವಿರಾರು ಮನೆಗಳು ಏಳುತ್ತಿದ್ದವು.

ಪರೀಕ್ಷಕರು ಇಲ್ಲಿ ಹಕ್ಕಿಗಳನ್ನು ಎಣಿಸುವುದರ ಜೊತೆಗೆ ಮನುಷ್ಯರನ್ನೂ ಎಣಿಸಿದರು. ಕಾರು ನಿಲ್ಲಿಸುವ ಕಡೆ ನಿಂತು, ಎಲ್ಲಿಂದ ಬಂದಿರಿ, ಎಷ್ಟು ದೂರ ನಡೆಯುತ್ತೀರಿ, ನಾಯಿಯನ್ನು ಬಿಡುತ್ತೀರಾ ಎಂದು ಕೇಳಿದರು. ಆ ಉತ್ತರಗಳಿಂದ ಹುಟ್ಟಿದ ನಿಯಮಗಳು ಹೀಗಿವೆ. ಬಯಲಿನಿಂದ 400 ಮೀಟರ್ ಒಳಗೆ ಹೊಸ ಮನೆ ಬೇಡ. ಸಾಕಿದ ಬೆಕ್ಕುಗಳೂ ಅಲ್ಲಿಂದ ಬಯಲಿಗೆ ಬರುತ್ತವೆ. 400 ಮೀಟರಿನಿಂದ 5 ಕಿಲೋಮೀಟರ್ ತನಕ ಕಟ್ಟುವುದಾದರೆ, ಬರಲಿರುವ ಪ್ರತಿ ಸಾವಿರ ಜನಕ್ಕೆ ಕನಿಷ್ಠ 8 ಹೆಕ್ಟೇರ್ ಬೇರೆ ಹಸಿರು ಜಾಗ ಒದಗಿಸಬೇಕು. ಅಲ್ಲಿ ಎರಡೂಕಾಲು ಕಿಲೋಮೀಟರಿಗೂ ಹೆಚ್ಚು ಉದ್ದದ, ಸುತ್ತಿ ಬರುವ ಕಾಲುದಾರಿ ಇರಬೇಕು, ನಾಯಿಗಳು ಬಿಡುಬೀಸಾಗಿ ಓಡಾಡುವಂತಿರಬೇಕು. ಜನರ ಸಂತೋಷವನ್ನು ನಿಷೇಧಿಸದೆ ಅದಕ್ಕೆ ಬೇರೆ ಜಾಗ ಹುಡುಕಿಕೊಟ್ಟ ಈ ಉಪಾಯ ನನಗೆ ಬಹಳ ಇಷ್ಟ. ಜನ ನಡೆಯಲು ಯಾಕೆ ಬರುತ್ತಾರೆ ಎಂದು ಗೌರವದಿಂದ ಕೇಳದೆ ಇದು ಹೊಳೆಯುವಂಥದ್ದಲ್ಲ.

ಕೂಡಿದ ಹಾನಿಯ ಲೆಕ್ಕವನ್ನು ಮುಂದೂಡಿದರೆ ಏನಾಗುತ್ತದೆ ಎಂಬುದನ್ನು ನೆದರ್‌ಲೆಂಡ್ಸ್ ಕಂಡಿತು. ಹಸುಗಳ ಗಂಜಲ ಮತ್ತು ಸಗಣಿಯಿಂದ ಏಳುವ ಅಮೋನಿಯ, ವಾಹನಗಳ ಹೊಗೆ, ಎರಡರಲ್ಲೂ ಸಾರಜನಕವಿದೆ. ಅದು ಗಾಳಿಯಲ್ಲಿ ತೇಲಿ ದೂರದ ಜವುಗು, ಕುರುಚಲು, ಮರಳುದಿಬ್ಬಗಳ ಮೇಲೆ ಇಳಿಯುತ್ತದೆ. ಸಾರವಿಲ್ಲದ ನೆಲಕ್ಕೆ ಒಗ್ಗಿದ ಗಿಡಗಳ ಜಾಗವನ್ನು ಆಗ ಹುಲ್ಲು ಮತ್ತು ಮುಳ್ಳುಗಿಡ ಆಕ್ರಮಿಸುತ್ತವೆ. ಪ್ರತಿ ಬಗೆಯ ಆವಾಸವೂ ವರ್ಷಕ್ಕೆ ಹೆಕ್ಟೇರಿಗೆ ಎಷ್ಟು ಸಾರಜನಕವನ್ನು ತಾಳಬಲ್ಲದು ಎಂಬುದಕ್ಕೆ ವಿಜ್ಞಾನಿಗಳು ಒಂದು ಮಿತಿಯನ್ನು ಕಂಡುಹಿಡಿದಿದ್ದಾರೆ. ಬಹಳಷ್ಟು ಡಚ್ ತಾಣಗಳು ಆ ಮಿತಿಯನ್ನು ಎಂದೋ ದಾಟಿದ್ದವು. 2015ರಿಂದ ಸರ್ಕಾರ ಒಂದು ಕಾರ್ಯಕ್ರಮ ಹಾಕಿಕೊಂಡು, ಮುಂದೆ ಸಾರಜನಕ ಇಳಿಯಲಿದೆ ಎಂಬ ನಂಬಿಕೆಯ ಮೇಲೆ ಇಂದೇ ಪರವಾನಗಿ ಕೊಡತೊಡಗಿತು. 2019ರ ಮೇ 29ರಂದು ಆ ದೇಶದ ಉಚ್ಚ ಆಡಳಿತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಇನ್ನೂ ಆಗದಿರುವ ಸುಧಾರಣೆ ಸಂಶಯವನ್ನು ನಿವಾರಿಸದು ಎಂಬುದು ಅದರ ಸಾರ. ಸುಮಾರು 18,000 ಯೋಜನೆಗಳು ಸಿಕ್ಕಿಹಾಕಿಕೊಂಡವು. ರೈತರು ಟ್ರ್ಯಾಕ್ಟರ್ ಏರಿ ಹೇಗ್ ನಗರಕ್ಕೆ ಬಂದರು. ಕಟ್ಟಡ ಕೆಲಸಕ್ಕೆ ಒಂದಿಷ್ಟು ಸಾರಜನಕದ ಅವಕಾಶ ಉಳಿಸಲೆಂದು 2020ರ ಮಾರ್ಚ್‌ನಿಂದ ಹೆದ್ದಾರಿಗಳಲ್ಲಿ ಹಗಲಿನ ವೇಗವನ್ನು ಗಂಟೆಗೆ 100 ಕಿಲೋಮೀಟರಿಗೆ ಇಳಿಸಿದರು.

ರೈತರ ಸಿಟ್ಟು ನ್ಯಾಯವಾದದ್ದೇ. ಹತ್ತಾರು ವರ್ಷ ಹಸು ಹೆಚ್ಚಿಸಿ ಎಂದು ಹುರಿದುಂಬಿಸಿದವರೇ ಒಂದು ಬೆಳಿಗ್ಗೆ ನಿಲ್ಲಿಸಿ ಎಂದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಈ ಬಿಕ್ಕಟ್ಟನ್ನು ತಂದದ್ದು ಅಳೆಯುವ ಕಸುಬು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅಳೆದವರು ಮೊದಲಿನಿಂದ ಹೇಳುತ್ತಲೇ ಬಂದಿದ್ದರು. ಕೇಳಿಸಿಕೊಂಡು ಮೆಲ್ಲಮೆಲ್ಲನೆ ಇಳಿಸಿದ್ದರೆ ರೈತರ ಪಾಲಿಗೂ ಒಳ್ಳೆಯದಿತ್ತು.

ಹಾನಿ ಖಚಿತ ಎಂದು ತಿಳಿದ ಮೇಲೂ ಒಂದು ಬಾಗಿಲಿದೆ. ಬೇರೆ ದಾರಿಯೇ ಇಲ್ಲ, ಸಾರ್ವಜನಿಕ ಹಿತ ಅಷ್ಟು ದೊಡ್ಡದು ಎಂದು ತೋರಿಸಿದರೆ, ಕಳೆದುಕೊಂಡಿದ್ದಕ್ಕೆ ಬದಲಿ ಕಟ್ಟಿಕೊಟ್ಟು ಮುಂದುವರಿಯಬಹುದು. ರಾಟರ್‌ಡಾಮ್ ಬಂದರು ಕಡಲನ್ನು ತುಂಬಿ ವಿಸ್ತರಿಸಿದ್ದು ಹೀಗೆ. ಬದಲಿಗೆ ಸುಮಾರು 25,000 ಹೆಕ್ಟೇರ್ ಕಡಲತಳವನ್ನು ಕಾಯ್ದಿಟ್ಟರು, ಕರಾವಳಿಯಲ್ಲಿ 35 ಹೆಕ್ಟೇರ್ ಹೊಸ ಮರಳುದಿಬ್ಬವನ್ನು ಕಟ್ಟಿದರು. ಆ ಬಾಗಿಲು ಕಿರಿದಾಗಿರುವುದರಿಂದಲೇ ಒಳಗಿನ ಪರೀಕ್ಷೆಗೆ ಬೆಲೆ.

ನಮ್ಮಲ್ಲಿ 2006ರ ಅಧಿಸೂಚನೆಯಡಿ ಪರಿಸರ ಪರಿಣಾಮ ಅಧ್ಯಯನ ನಡೆಯುತ್ತದೆ, ಅಭಯಾರಣ್ಯಗಳ ವಿಷಯ ವನ್ಯಜೀವಿ ಮಂಡಳಿಯ ಮುಂದೆ ಹೋಗುತ್ತದೆ. ಆದರೆ ಹಲವು ಯೋಜನೆಗಳ ವರದಿಗೆ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕಾಗುತ್ತದೆ. ಪಶ್ಚಿಮ ಘಟ್ಟದ ಜೀವ ಎಚ್ಚರಾಗುವುದೇ ಮಳೆಗಾಲದಲ್ಲಿ. ಕಪ್ಪೆಗಳು ಕೂಗುವುದು, ಹೊಳೆಯ ನೀರು ಕೆಂಪಾಗುವುದು, ಅಳಿವೆಯ ಉಪ್ಪು ಇಳಿಯುವುದು ಎಲ್ಲ ಆಗಲೇ. ಅದನ್ನು ಬಿಟ್ಟು ಅಳೆದ ಅಳತೆಯಲ್ಲಿ ಯಾವ ಸಂಶಯ ನಿವಾರಣೆಯಾದೀತು?

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜವುಗು ಎನಿಸಿತು, 4,801 ಹೆಕ್ಟೇರ್. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಮೀನು, ಬಳಚು, ಗಜನಿಗಳನ್ನು ನಂಬಿದ ಕುಟುಂಬಗಳು ಆರು ಸಾವಿರಕ್ಕೂ ಹೆಚ್ಚು. ಅಳಿವೆಯ ದಡದ ತದಡಿಯಲ್ಲಿ ಬಂದರಿನ, ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪಗಳು ಬಂದು ಹೋಗಿವೆ. ಮೇಲ್ಭಾಗದಲ್ಲಿ ನೀರು ತಿರುಗಿಸುವ ಮಾತೂ ಕೇಳಿಬರುತ್ತದೆ. ಘಟ್ಟದ ಮೇಲೆ ತಿರುಗಿಸಿದ ನೀರಿಗೂ ಅಳಿವೆಯ ಬಳಚಿಗೂ ನಡುವಿನ ದಾರಿ ಉಪ್ಪಿನಂಶ. ಅದು ಯಾವ ತಿಂಗಳು ಎಷ್ಟಿರಬೇಕು, ಯಾವ ದಿಬ್ಬದಲ್ಲಿ ಬಳಚು ಎಷ್ಟಿದೆ, ಚಳಿಗಾಲದ ಹಕ್ಕಿಗಳಿಗೆ ಎಷ್ಟು ಬೇಕು, ಹೆಕ್ಕುವವರಿಗೆ ಎಷ್ಟು ಎಂಬ ಬರಹ ಯೋಜನೆಯ ಕಡತ ಬರುವ ಮೊದಲೇ ಸಿದ್ಧವಾಗಿರಬೇಕು. ಕಡತ ಬಂದ ಮೇಲೆ ಅಳೆಯಲು ಹೊರಟರೆ ಹೋಲಿಸಲು ಏನೂ ಇರುವುದಿಲ್ಲ. ಅದಕ್ಕೆ ಕೆಲವು ವರ್ಷಗಳ ಕಾಲ, ಮಳೆಗಾಲವನ್ನೂ ಬಿಡದೆ, ಪ್ರತಿ ತಿಂಗಳೂ ಅದೇ ದಿಬ್ಬಗಳಲ್ಲಿ ನಿಂತು ಎಣಿಸುವವರು ಬೇಕು. ಯಾವ ದಿಬ್ಬಗಳಲ್ಲಿ ನಿಲ್ಲಬೇಕು ಎಂದು ತೋರಿಸಲು ಅಲ್ಲಿ ಬಳಚು ಹೆಕ್ಕುವ ಹೆಂಗಸರಿದ್ದಾರೆ.